ಓದುಗರ ಪ್ರಶ್ನೆ: ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ?

ಪ್ರಶ್ನೆ: ಇಷ್ಟು ವರ್ಷ ತಪ್ಪದೆ ವೋಟು ಹಾಕಿದ್ದೇನೆ. ಸಮೀಕ್ಷೆಯವರು ಒಬ್ಬರೂ ನನ್ನ ಹತ್ತಿರ ಬಂದಿಲ್ಲ. ಸಾವಿರ ಜನರನ್ನು ಕೇಳಿ ಇಡೀ ದೇಶದ ಮನಸ್ಸು ತಿಳಿಯಿತು ಅಂದರೆ ನಂಬೋದು ಹೇಗೆ?

ಉತ್ತರ: ಎಷ್ಟು ಜನರನ್ನು ಕೇಳಿದರು ಅನ್ನುವುದಕ್ಕಿಂತ ಯಾರನ್ನು, ಹೇಗೆ ಆರಿಸಿದರು ಅನ್ನುವುದು ಮುಖ್ಯ. 1936ರ ಅಧ್ಯಕ್ಷ ಚುನಾವಣೆಗೆ ಮೊದಲು ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 23 ಲಕ್ಷಕ್ಕೂ ಜಾಸ್ತಿ ಚೀಟಿ ವಾಪಸ್ ಬಂದವು. ಅವನ್ನೆಲ್ಲ ಎಣಿಸಿ, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದವರು ಆಗಿನ ಅಧ್ಯಕ್ಷ ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ಹೆಸರುಗಳನ್ನು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿಯಿಂದ, ಕಾರು ನೋಂದಣಿ ಪಟ್ಟಿಯಿಂದ ತೆಗೆದಿದ್ದರು, ಆ ಆರ್ಥಿಕ ಕುಸಿತದ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರೇ ಅಲ್ವಾ? ಜೊತೆಗೆ ಚೀಟಿ ತುಂಬಿ ಕಳಿಸಿದವರ ಒಲವೇ ಬೇರೆ, ಸುಮ್ಮನಿದ್ದವರ ಒಲವೇ ಬೇರೆ. ಅದೇ ಚುನಾವಣೆಯಲ್ಲಿ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ, ಗೆಲ್ಲುವವರು ಯಾರು ಎಂದು ಸರಿಯಾಗಿ ಹೇಳಿದರು. ಚೀಟಿ ಎತ್ತಿದ ಹಾಗೆ, ಎಲ್ಲರಿಗೂ ಸಮಾನ ಅವಕಾಶ ಇರುವಂತೆ ಆರಿಸಿದರೆ, ಸಾವಿರ ಜನರಲ್ಲಿ ಲೆಕ್ಕ ಸಾಮಾನ್ಯವಾಗಿ ಶೇ 3ರಷ್ಟು ಆಚೀಚೆ ಆಗಬಹುದು, ಅಷ್ಟೇ. ನಿಮ್ಮ ಹೆಸರು ಬರದೇ ಇರಬಹುದು, ನಿಮ್ಮಂಥವರು ಬಂದೇ ಬಂದಿರುತ್ತಾರೆ.

ಪ್ರಶ್ನೆ: ನಮ್ಮಣ್ಣ ಒಂದೇ ವಿಷಯಕ್ಕೆ ಮೊದಲು ಒಂದು ಹೇಳಿದ, ಈಗ ಇನ್ನೊಂದು ಹೇಳುತ್ತಾನೆ. ಜನ ಹೀಗೆ ಸುಳ್ಳು ಹೇಳಿದರೆ ಸಂಶೋಧನೆಗೆ ಏನು ಬೆಲೆ?

ಉತ್ತರ: ಅಣ್ಣನ ಮೇಲೆ ಸಿಟ್ಟಾಗಬೇಡಿ, ಅದು ಸುಳ್ಳೇ ಆಗಿರಬೇಕಿಲ್ಲ. ಫಿಲಿಪ್ ಕಾನ್ವರ್ಸ್ ಎಂಬ ರಾಜಕೀಯ ವಿಜ್ಞಾನಿ 1956, 1958, 1960ರಲ್ಲಿ ಅದೇ ಜನರಿಗೆ ಅದೇ ಪ್ರಶ್ನೆ ಕೇಳಿದ ಉತ್ತರಗಳನ್ನು ಹೋಲಿಸಿ ನೋಡಿದರು. ಕೆಲವು ವಿಷಯಗಳಲ್ಲಿ ಎಷ್ಟೋ ಜನರ ಉತ್ತರ ನಾಣ್ಯ ಚಿಮ್ಮಿದ ಹಾಗೆ ಬದಲಾಗಿತ್ತು. ಆ ವಿಷಯದ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯವೇ ಇರಲಿಲ್ಲ, ಯಾರೋ ಕೇಳಿದರು ಅಂತ ಏನೋ ಒಂದು ಹೇಳಿದ್ದರು ಎಂಬುದು ಕಾನ್ವರ್ಸ್ ಅವರ ವಾದ. ತಪ್ಪು ಪ್ರಶ್ನೆಯಲ್ಲೇ ಇತ್ತು ಎಂದು ಆಮೇಲೆ ಬೇರೆ ಸಂಶೋಧಕರು ವಾದಿಸಿದ್ದೂ ಉಂಟು. ನನಗೆ ಎರಡರಲ್ಲೂ ನಿಜ ಕಾಣುತ್ತದೆ.

ಪದದ ಆಟವೂ ಸಣ್ಣದಲ್ಲ. 1940ರಲ್ಲಿ ಅಮೆರಿಕದಲ್ಲೇ ನಡೆದ ಪ್ರಯೋಗ ನೋಡಿ. ಪ್ರಜಾಪ್ರಭುತ್ವದ ವಿರುದ್ಧ ಬಹಿರಂಗ ಭಾಷಣಕ್ಕೆ 'ಅವಕಾಶ ಕೊಡಬೇಕೇ' ಎಂದಾಗ ಶೇ 62ರಷ್ಟು ಜನ ಬೇಡ ಎಂದರು. 'ನಿಷೇಧಿಸಬೇಕೇ' ಎಂದು ಕೇಳಿದಾಗ ಹೌದು ಎಂದವರು ಶೇ 46 ಮಾತ್ರ. ಅರ್ಥ ಒಂದೇ ಆದರೂ ನಿಷೇಧ ಅನ್ನುವ ಮಾತಿಗೆ ಮನಸ್ಸು ಹಿಂಜರಿಯುತ್ತದೆ. ಅದಕ್ಕೇ ಯಾವ ಸಮೀಕ್ಷೆ ಓದಿದರೂ ನಾನು ಮೊದಲು ಹುಡುಕುವುದು ಅಂಕಿಗಳನ್ನಲ್ಲ, ಕೇಳಿದ ಪ್ರಶ್ನೆಯನ್ನು. ಪ್ರಶ್ನೆಯನ್ನೇ ಅಚ್ಚು ಮಾಡದ ವರದಿಯನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ: ಸಮೀಕ್ಷೆಯವರು ನನ್ನ ಹತ್ತಿರವೂ ಬಂದರೆ, ತಿಳಿಯದ ವಿಷಯಕ್ಕೆ ಏನು ಹೇಳಲಿ?

ಉತ್ತರ: 'ಗೊತ್ತಿಲ್ಲ' ಅನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಒಳ್ಳೆಯ ಸಮೀಕ್ಷೆಯಲ್ಲಿ ಅದಕ್ಕೂ ಒಂದು ಕಲಂ ಇರುತ್ತದೆ, ಅದನ್ನೂ ಎಣಿಸುತ್ತಾರೆ.