ಹೃದಯ ಕಾಯಿಲೆಯ ನಂತರ ಎಷ್ಟು ನಡೆಯಬೇಕು, ಎಲ್ಲಿ ನಿಲ್ಲಬೇಕು?

ಪ್ರಶ್ನೆ: ನನ್ನ ಪತಿಗೆ 58 ವರ್ಷ. ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಒಂದು ತಿಂಗಳಾಯಿತು. ಆಸ್ಪತ್ರೆಯವರು ಹೃದ್ರೋಗಿಗಳ ವ್ಯಾಯಾಮ ಕಾರ್ಯಕ್ರಮಕ್ಕೆ ಸೇರಿಕೊಳ್ಳಿ ಎನ್ನುತ್ತಾರೆ. ಮನೆಯ ಹಿರಿಯರು ಮಾತ್ರ, ಪೆಟ್ಟು ತಿಂದ ಹೃದಯಕ್ಕೆ ವಿಶ್ರಾಂತಿಯೇ ಮದ್ದು ಎಂದು ಹಟ ಹಿಡಿದಿದ್ದಾರೆ. ಇವರೂ ಹೆದರಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಆಸ್ಪತ್ರೆಯವರ ಮಾತನ್ನೇ ಕೇಳಿ. ಹಾಗೆಂದು ಹಿರಿಯರು ಹೇಳುವುದು ಬುಡವಿಲ್ಲದ ಮಾತೇನಲ್ಲ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. 20ನೆಯ ಶತಮಾನದ ಮಧ್ಯಭಾಗದವರೆಗೂ ಹೃದಯಾಘಾತವಾದವರನ್ನು ಆರು ವಾರಗಳಷ್ಟು ಕಾಲ ಅಲುಗಾಡದಂತೆ ಮಲಗಿಸುವುದೇ ಚಿಕಿತ್ಸೆಯೆನಿಸಿತ್ತು. 1952ರಲ್ಲಿ ಅಮೆರಿಕದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅವರು ಇಂತಹ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವ ಪದ್ಧತಿಯನ್ನು ಪ್ರಕಟಿಸಿದಾಗ ಅದೇ ಒಂದು ಸಾಹಸವಾಗಿ ಕಂಡಿತ್ತು. ಮಲಗಿರುವುದರಿಂದ ಆಗುವ ನಷ್ಟ ಎಷ್ಟೆಂಬುದು 1966ರಲ್ಲಿ ಡಲ್ಲಾಸ್‌ನಲ್ಲಿ ನಡೆದ ಅಧ್ಯಯನದಿಂದ ಸ್ಪಷ್ಟವಾಯಿತು. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರು ಮೂರು ವಾರ ಹಾಸಿಗೆಯಲ್ಲೇ ಇದ್ದು ಎದ್ದಾಗ, ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅದೇ ಐವರನ್ನು ಮೂವತ್ತು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿದಾಗ, ಆ ಮೂರು ವಾರಗಳ ಮಲಗುವಿಕೆ ಮಾಡಿದಷ್ಟು ಹಾನಿಯನ್ನು ಮೂರು ದಶಕಗಳ ವಯಸ್ಸೂ ಮಾಡಿರಲಿಲ್ಲ.

ವ್ಯಾಯಾಮದಿಂದ ರಕ್ತನಾಳದ ಅಡಚಣೆ ಕರಗಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮಾಡುವ ಕೆಲಸವೇ ಬೇರೆ. ಕಾಲಿನ ಸ್ನಾಯುಗಳು ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳಲು ಕಲಿಯುತ್ತವೆ, ರಕ್ತನಾಳಗಳ ಒಳಪದರ ಅಗತ್ಯಕ್ಕೆ ತಕ್ಕಂತೆ ಸಡಿಲಗೊಳ್ಳತೊಡಗುತ್ತದೆ. ಹೀಗಾಗಿ ಮೊದಲು ಎದೆ ಡವಗುಟ್ಟಿಸುತ್ತಿದ್ದ ಅದೇ ಮೆಟ್ಟಿಲನ್ನು ಈಗ ಕಡಿಮೆ ನಾಡಿಬಡಿತ ಮತ್ತು ಕಡಿಮೆ ರಕ್ತದೊತ್ತಡದಲ್ಲಿ ಹತ್ತಬಹುದು. ಹೃದಯಕ್ಕೆ ಸಿಗುವ ನಿಜವಾದ ವಿಶ್ರಾಂತಿ ಇದು. ಮತ್ತೊಮ್ಮೆ ಹೃದಯಾಘಾತವಾಗುವ, ಮತ್ತೆ ಆಸ್ಪತ್ರೆಗೆ ಸೇರಬೇಕಾಗುವ ಮತ್ತು ಹೃದ್ರೋಗದಿಂದ ಸಾಯುವ ಸಂಭವ ಇಂತಹ ಕಾರ್ಯಕ್ರಮಗಳಿಂದ ಕಡಿಮೆಯಾಗುತ್ತದೆ ಎಂಬುದು ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಕಂಡುಬಂದಿದೆ.

ನಿಮ್ಮ ಪತಿಯ ಹೆದರಿಕೆಗೆ ಮೊದಲ ದಿನದ ತರಗತಿಯೇ ಅರ್ಧ ಉತ್ತರ ಕೊಡುತ್ತದೆ. ಅಂದು ಅವರಿಗೆ ಭಾರಿ ಕಸರತ್ತನ್ನೇನೂ ಮಾಡಿಸುವುದಿಲ್ಲ. 30 ಮೀಟರ್ ಉದ್ದದ ಪಡಸಾಲೆಯ ಎರಡು ತುದಿಗಳಲ್ಲಿ ಗುರುತು ಇಟ್ಟು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರೆಂದು ನೋಡುತ್ತಾರೆ; ನಡುವೆ ನಿಂತು ದಣಿವಾರಿಸಿಕೊಳ್ಳಲು ಅಡ್ಡಿಯಿಲ್ಲ, ಗಡಿಯಾರವನ್ನು ಮಾತ್ರ ನಿಲ್ಲಿಸುವುದಿಲ್ಲ. ಅಪಾಯ ಹೆಚ್ಚಿರುವವರ ಎದೆಗೆ ಇಸಿಜಿಯ ಪಟ್ಟಿಗಳನ್ನು ಅಂಟಿಸಿ, ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಹೃದಯದ ಲಯವನ್ನು ಪರದೆಯ ಮೇಲೆ ಗಮನಿಸುತ್ತಿರುತ್ತಾರೆ. ಮೇಲ್ವಿಚಾರಣೆಯ ತರಗತಿಗಳಲ್ಲಿ ಹೃದಯ ಸ್ತಂಭನ ತೀರಾ ಅಪರೂಪ, ರೋಗಿಗಳು ವ್ಯಾಯಾಮದಲ್ಲಿ ಕಳೆಯುವ ಸುಮಾರು ಒಂದು ಲಕ್ಷ ಗಂಟೆಗಳಿಗೆ ಒಂದರಷ್ಟು. ಆದರೂ ಅದಕ್ಕೆ ಬೇಕಾದ ಸಲಕರಣೆ ಕೋಣೆಯಲ್ಲೇ ಇರುತ್ತದೆ. ವಾರಕ್ಕೆ ಮೂರು ದಿನದಂತೆ 12 ವಾರ ನಡೆಸುವುದು ಹಲವು ಕಡೆ ರೂಢಿ. ಸಾಧ್ಯವಾದರೆ ನೀವೂ ಒಂದು ದಿನ ಜೊತೆಗೆ ಹೋಗಿ ಕುಳಿತು ನೋಡಿ. ಮನೆಯವರ ಭಯ ಕಳೆಯದೆ ರೋಗಿಯ ಭಯ ಕಳೆಯುವುದು ಕಷ್ಟ.

ಪ್ರಶ್ನೆ: ಕೈಗಡಿಯಾರದಲ್ಲಿ ನಾಡಿಬಡಿತ ನೋಡಿಕೊಂಡು ವಾಕಿಂಗ್ ಮಾಡುತ್ತೇನೆ. 220ರಿಂದ ವಯಸ್ಸನ್ನು ಕಳೆದು, ಬಂದ ಗರಿಷ್ಠ ನಾಡಿಯಲ್ಲಿ ಇಂತಿಷ್ಟು ಪಾಲೆಂದು ಲೆಕ್ಕ ಹಾಕಿದರೆ ನನಗೆ 120ರ ಹತ್ತಿರವಾದರೂ ಬರಬೇಕು. ಎಷ್ಟು ವೇಗವಾಗಿ ನಡೆದರೂ 95 ದಾಟುವುದಿಲ್ಲ. ವ್ಯಾಯಾಮ ಸಾಲದೆಂದು ಓಡಬೇಕೆ?

ಉತ್ತರ: ಓಡಬೇಡಿ. ಮೊದಲು ನಿಮ್ಮ ಮಾತ್ರೆಗಳ ಚೀಟಿಯನ್ನು ನೋಡಿಕೊಳ್ಳಿ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಮುಂತಾದ ಬೀಟಾ ಬ್ಲಾಕರ್ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದರೆ, ನಾಡಿ ಏರದಂತೆ ತಡೆಯುವುದೇ ಅದರ ಕೆಲಸ. ಅಂಥವರಿಗೆ ಆ ಸೂತ್ರ ಸಲ್ಲದು. ಆರೋಗ್ಯವಂತರಲ್ಲಿಯೂ ಅದು ಸ್ಥೂಲವಾದ ಅಂದಾಜು ಮಾತ್ರ. ನಾಡಿಯ ಮಿತಿ ಬೇಕೇ ಬೇಕೆಂದಾದರೆ, ಎಂದಿನಂತೆ ಮಾತ್ರೆ ತೆಗೆದುಕೊಂಡೇ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಅದರ ಫಲಿತಾಂಶದಿಂದ ನಿಮ್ಮ ವೈದ್ಯರು ಸಂಖ್ಯೆಯನ್ನು ಗೊತ್ತುಮಾಡಲಿ. ಗಡಿಯಾರದ ಅಂಕಿ ಏರಲೆಂದು ಮಾತ್ರೆಯನ್ನು ತಪ್ಪಿಸುವವರೂ ಇದ್ದಾರೆ. ಅದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ.

ದಿನನಿತ್ಯಕ್ಕೆ ಅಂಕಿಗಿಂತ ಉಸಿರೇ ಒಳ್ಳೆಯ ಅಳತೆ. ನಡೆಯುತ್ತಲೇ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗಬೇಕು, ಹಾಡು ಹೇಳುವಷ್ಟು ಉಸಿರು ಮಾತ್ರ ಉಳಿದಿರಬಾರದು. ಫಿಸಿಯೋಥೆರಪಿ ತರಗತಿಯಲ್ಲಿ ಇದಕ್ಕೆ ಸ್ವೀಡನ್ನಿನ ಗುನ್ನರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಪಟ್ಟಿಯನ್ನು ಬಳಸುತ್ತಾರೆ: 6 ಎಂದರೆ ಯಾವ ಶ್ರಮವೂ ಇಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ನಿಮ್ಮ ನಡಿಗೆ ನಿಮಗೆ 11ರಿಂದ 14ರ ನಡುವೆ ಅನ್ನಿಸುತ್ತಿದ್ದರೆ ಅಷ್ಟು ಸಾಕು, ನಾಡಿ 95 ಇದ್ದರೂ ಸರಿಯೇ.

ವಾಕಿಂಗ್ ಮುಗಿಸುವ ರೀತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವೇಗವಾಗಿ ನಡೆದು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲೇ ಉಳಿದು, ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಹೃದಯದ ಲಯ ತಪ್ಪುವುದೂ ಉಂಟು. ಆರಂಭದಲ್ಲಿ ಹೇಗೋ ಹಾಗೆಯೇ ಕೊನೆಯಲ್ಲೂ ಐದರಿಂದ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ.

ಪ್ರಶ್ನೆ: ಬೈಪಾಸ್ ಆಗಿ ಐದು ವಾರವಾಗಿದೆ. ಕೈ ಎತ್ತಿದರೆ ಎದೆಯ ಹೊಲಿಗೆ ಬಿಚ್ಚುತ್ತದೆಂಬ ಭಯದಿಂದ ಭುಜ ಅಲುಗಿಸುತ್ತಲೇ ಇಲ್ಲ. ಈಗ ಕುತ್ತಿಗೆ, ಬೆನ್ನು ಎಲ್ಲವೂ ಬಿಗಿದುಕೊಂಡಿವೆ.

ಉತ್ತರ: ಶಸ್ತ್ರಚಿಕಿತ್ಸೆಯಲ್ಲಿ ಸೀಳಿದ ಎದೆಮೂಳೆಯನ್ನು ಸಾಮಾನ್ಯವಾಗಿ ತಂತಿಯಿಂದ ಬಿಗಿದಿರುತ್ತಾರೆ, ಅದು ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವುದು, ದೂಡುವುದು, ಎಳೆಯುವುದು, ಒಂದೇ ಕೈಯನ್ನು ಊರಿ ಮೇಲೇಳುವುದು ಬೇಡ. ಭಾರವಿಲ್ಲದೆ ಎರಡೂ ಕೈಗಳನ್ನು ಒಟ್ಟಿಗೆ ನೋವು ಬಾರದಷ್ಟು ಎತ್ತರಕ್ಕೆ ನಿಧಾನವಾಗಿ ಎತ್ತುವುದು, ಭುಜಗಳನ್ನು ಹಿಂದಕ್ಕೆ ಸುತ್ತಿಸುವುದು, ಕುತ್ತಿಗೆಯನ್ನು ಎಡಬಲಕ್ಕೆ ತಿರುಗಿಸುವುದು ಮಾತ್ರ ಈಗಲೇ ಆಗಬೇಕಾದ ಕೆಲಸ. ಮೊಣಕೈಗಳು ಪಕ್ಕೆಗೆ ಹತ್ತಿರವಿದ್ದಷ್ಟೂ ಎದೆಮೂಳೆಯ ಮೇಲೆ ಎಳೆತ ಕಡಿಮೆ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಳ್ಳಿ. ಹಾಸಿಗೆಯಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಕೆಳಗೆ ಇಳಿಬಿಡುತ್ತಾ ಮೇಲೇಳಿ. ಎದೆಮೂಳೆ ಟಕ್ಕೆಂದು ಸದ್ದು ಮಾಡಿದರೆ, ಅಲುಗಿದಂತೆ ಅನ್ನಿಸಿದರೆ, ಗಾಯ ಕೆಂಪಾಗಿ ಸೋರಿದರೆ ವ್ಯಾಯಾಮ ನಿಲ್ಲಿಸಿ ಶಸ್ತ್ರಚಿಕಿತ್ಸಕರನ್ನು ಕಾಣಿ.

ಪ್ರಶ್ನೆ: ನನ್ನ ತಾಯಿಗೆ 72 ವರ್ಷ, ಹೃದಯ ವೈಫಲ್ಯವಿದೆ. ಹತ್ತು ಹೆಜ್ಜೆ ನಡೆದರೆ ಏದುಸಿರು. ಅವರಿಗೂ ವ್ಯಾಯಾಮ ಉಂಟೆ?

ಉತ್ತರ: ಉಂಟು, ಆದರೆ ಕಾಯಿಲೆ ಹತೋಟಿಗೆ ಬಂದ ಮೇಲೆ. ಹತ್ತು ಹೆಜ್ಜೆಗೇ ಏದುಸಿರು ಬರುತ್ತಿದ್ದರೆ ಮೊದಲು ವೈದ್ಯರು ನೋಡಿ ಔಷಧಿಯನ್ನು ಸರಿಪಡಿಸಬೇಕು. ಆಮೇಲೂ ಅವರ ದಣಿವಿಗೆ ಹೃದಯವೊಂದೇ ಕಾರಣವೆಂದು ತಿಳಿಯಬೇಡಿ. ತಿಂಗಳುಗಟ್ಟಲೆ ಕೂತು ಸೊರಗಿದ ತೊಡೆಯ ಸ್ನಾಯುಗಳ ಪಾಲೂ ಅದರಲ್ಲಿದೆ. ಕುರ್ಚಿಯಿಂದ ಎದ್ದು ನಿಂತು ಕೂರುವುದನ್ನು ಐದು ಬಾರಿ ಮಾಡಿಸಿ, ವಿಶ್ರಾಂತಿ ಕೊಟ್ಟು, ಒಂದೆರಡು ನಿಮಿಷ ನಡೆಸಿ, ಮತ್ತೆ ವಿಶ್ರಾಂತಿ ಕೊಡಿ. ಎದ್ದೇಳುವಾಗ ಅವರು ಉಸಿರು ಬಿಗಿಹಿಡಿಯಬಾರದು. ಕೆಲವು ವಾರಗಳಲ್ಲಿ ನಡಿಗೆಯ ಹೊತ್ತು ಹೆಚ್ಚುತ್ತಾ, ನಡುವಿನ ಬಿಡುವು ಕಡಿಮೆಯಾಗುತ್ತಾ ಬರಲಿ.

ದಿನವೂ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ 2 ಕೆ.ಜಿ. ಏರಿದರೆ, ಕಾಲು ಊದಿಕೊಂಡರೆ, ರಾತ್ರಿ ಮಲಗಲಾಗದೆ ಎದ್ದು ಕೂರುವಂತಾದರೆ ಮೈಯಲ್ಲಿ ನೀರು ಸೇರುತ್ತಿದೆ ಎಂದು ತಿಳಿದು ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಜ್ವರವಿರುವ ದಿನವೂ ವ್ಯಾಯಾಮ ಬೇಡ. ಇನ್ನೊಂದು ಮಾತು ಇಲ್ಲಿ ಬರೆದ ಎಲ್ಲರಿಗೂ ಅನ್ವಯಿಸುತ್ತದೆ: ವ್ಯಾಯಾಮದ ನಡುವೆ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಬಡಿತ ತಾಳ ತಪ್ಪಿದರೆ ಅಲ್ಲೇ ಕುಳಿತುಕೊಳ್ಳಿ, ನಾಲಿಗೆಯಡಿಯ ಮಾತ್ರೆಯನ್ನು ಬರೆದುಕೊಟ್ಟಿದ್ದರೆ ಹೇಳಿದಂತೆ ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಎದೆನೋವು ಇಳಿಯದಿದ್ದರೆ ಆಂಬ್ಯುಲೆನ್ಸ್ ಕರೆಸಿ, ಸ್ವತಃ ಗಾಡಿ ಓಡಿಸಿಕೊಂಡು ಹೋಗಬೇಡಿ.