ರಾಯಚೂರಿನ ಬಿಸಲಾಗ ಇಂಡೋರ್ ಗಿಡ ಹೊರಗ ಇಡಬಹುದಾ?

ಬೆಂಗ್ಳೂರಿಂದ ರಾಯಚೂರಿಗೆ ಟ್ರಾನ್ಸ್‌ಫರ್ ಆಗಿ ಬಂದೀನಿ, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿ ತಂದೀನಿ, ಒಳಗ ಬೆಳಕು ಸಾಲಂಗಿಲ್ಲ, ಈ ಮಾರ್ಚ್‌ನ್ಯಾಗ ಟೆರೇಸ್ ಮ್ಯಾಲೆ ಇಡ್ಲ್ಯಾ ಅಂತ ಕೇಳೀರಿ. ಹೊರಗ ಇಡ್ರಿ, ವರ್ಷಪೂರ್ತಿ ಇಡ್ರಿ, ಟೆರೇಸ್ ಮಾತ್ರ ಬ್ಯಾಡ. ನಾನಿರೋದು ಸಿಂಧನೂರಾಗ, ನಮ್ಮ ಗಿಡ ಎಲ್ಲಾ ಹೊರಗ ಅದಾವ.

ಯೂಟ್ಯೂಬ್‌ನ್ಯಾಗ ಥಂಡಿ ಬಂದ್ರ ಗಿಡ ಒಳಗ ತರ್ರಿ ಅಂತಾರಲ್ಲ, ಅದು ಹಿಮ ಬೀಳೋ ದೇಶದವ್ರಿಗಿ. ನಮ್ಮ ಕಡಿ ಡಿಸೆಂಬರ್ ಥಂಡಿಗಿ ಇವಕ್ಕೇನೂ ಆಗಂಗಿಲ್ಲ, ನಮಗ ಕಾಡೋದು ಏಪ್ರಿಲ್ ಮೇ. 42, 43 ಡಿಗ್ರಿ ಬಿಸಲು, ಮ್ಯಾಲೆ ಆ ಒಣ ಗಾಳಿ. ಇವು ದೊಡ್ಡ ಮರದ ನೆಳ್ಳಾಗ ಬೆಳಿಯೋ ಜಾತಿ, ಸ್ನೇಕ್ ಪ್ಲಾಂಟ್ ಒಂದು ಸ್ವಲ್ಪ ಬಿಸಲು ತಡಕೊಂತೈತಿ, ಪೀಸ್ ಲಿಲಿಗಂತೂ ಮಧ್ಯಾಹ್ನದ ಬಿಸಲು ಒಂದು ದಿನ ಬಡದ್ರ ಸಾಕು ಎಲಿ ಬೆಳ್ಳಗಾಗಿ ಸುಟ್ಟು ಹೋಗ್ತೈತಿ, ಸುಟ್ಟಿದ್ದು ಮತ್ತ ಹಸರಾಗಂಗಿಲ್ಲ. ಟೆರೇಸ್‌ನ್ಯಾಗ ಸ್ಲ್ಯಾಬ್ ಕಾಯ್ತೈತಿ, ಅದರ ಮ್ಯಾಲಿನ ಕರಿ ಪ್ಲಾಸ್ಟಿಕ್ ಕುಂಡ ಕಾಯ್ತೈತಿ, ಒಳಗ ಬೇರು ಬೆಂದು ಹೋಗ್ತಾವು. ಪಶ್ಚಿಮದ ಗೋಡಿ ಹತ್ರನೂ ಇದೇ ಕಥಿ. ಪೂರ್ವ ಇಲ್ಲಾ ಉತ್ತರದ ಕಟ್ಟಿ, ಅಥವಾ ಅಂಗಳದಾಗ ಬೇವಿನ ಗಿಡ ಇದ್ರ ಅದರ ಬುಡ, ಅಷ್ಟೇ. ಟೆರೇಸೇ ಗತಿ ಅಂದ್ರ 75 ಪರ್ಸೆಂಟ್ ಹಸರು ಶೇಡ್ ನೆಟ್ ಕಟ್ರಿ, ಕುಂಡದ ಕೆಳಗ ಇಟ್ಟಂಗಿ ಇಟ್ಟು ಎತ್ತರ ಮಾಡ್ರಿ. ಮಣ್ಣಿನ ಕುಂಡ ಭಾಳ ಚಲೋ, ನೀರು ಜಲ್ದಿ ಆರ್ತೈತಿ ಖರೆ ಆದ್ರ ಬೇರು ತಣ್ಣಗ ಇರ್ತಾವು.

ಹೊಲದ ಎರಿ ಮಣ್ಣು ಪುಕ್ಕಟೆ ಸಿಗ್ತೈತಿ ಅಂತ ಕುಂಡಕ್ಕ ತುಂಬಬ್ಯಾಡ್ರಿ, ಹಸಿ ಇದ್ದಾಗ ಅಂಟು, ಒಣಗಿದ್ರ ಬಿರುಕು ಬಿಟ್ಟು ಸಣ್ಣ ಬೇರು ಹರಿತಾವು. ಅರ್ಧ ಮಸಾರಿ (ಕೆಂಪು) ಮಣ್ಣು, ಉಳದಿದ್ದು ಹಳೇ ತಿಪ್ಪಿ ಗೊಬ್ಬರ ಮತ್ತ ಸುಟ್ಟ ಭತ್ತದ ಹೊಟ್ಟು. ಸಿಂಧನೂರು ಕಾರಟಗಿ ಗಂಗಾವತಿ ಕಡಿ ರೈಸ್ ಮಿಲ್ ಹೊರಗ ಗುಡ್ಡಿನೇ ಬಿದ್ದಿರ್ತೈತಿ, ಕೊಕೊಪಿಟ್‌ಗಿ ಯಾಕ ರೊಕ್ಕ ಕೊಡ್ತೀರಿ? ಕರ್ರಗ ಸುಟ್ಟಿದ್ದು ತರ್ರಿ, ಬಿಳಿ ಬೂದಿ ಬ್ಯಾಡ, ಅದು ಕ್ಷಾರ, ನಮ್ಮ ನೀರೂ ಮೊದಲ ಕ್ಷಾರ ಇರ್ತೈತಿ.

ನೀರಿನ ವಿಷ್ಯ ಯಾರೂ ಹೇಳಂಗಿಲ್ಲ ನೋಡ್ರಿ. ರಾಯಚೂರು ಕೊಪ್ಪಳದ ಭಾಳ ಬೋರ್‌ಗಳಾಗ ಫ್ಲೋರೈಡ್ ಐತಿ, ಉಪ್ಪಿನಂಶ ಬ್ಯಾರೆ. ಸ್ಪೈಡರ್ ಪ್ಲಾಂಟ್‌ನ ಎಲಿ ತುದಿ ಕಂದಗಾಗಿ ಒಣಗೋದು, ಕುಂಡದ ಅಂಚಿಗಿ ಸುಣ್ಣ ಬಳದಂಗ ಬಿಳಿ ಪಟ್ಟಿ ಕಟ್ಟೋದು ಹೆಚ್ಚಾಗಿ ಇದರಿಂದನ. ರಾತ್ರಿ ಬಕೆಟ್‌ನ್ಯಾಗ ಹಿಡಿದಿಟ್ರ ಕ್ಲೋರಿನ್ ಹೋಗ್ತೈತಿ, ಫ್ಲೋರೈಡ್ ಹೋಗಂಗಿಲ್ಲ. ಎಸಿಯಿಂದ ಸೋರೋ ನೀರು ಹಿಡಿದು ಸ್ಪೈಡರ್‌ಗಿ ಹಾಕ್ರಿ, ಅದರಾಗ ಉಪ್ಪಿರಂಗಿಲ್ಲ. ಆರ್‌ಓದಿಂದ ಹೊರಗ ಹೋಗೋ ನೀರು ಮಾತ್ರ ಬ್ಯಾಡ, ಅದರಾಗ ಎಲ್ಲಾ ಉಪ್ಪು ಗಟ್ಟಿಯಾಗಿರ್ತೈತಿ. ಮಳಿ ಬಂದಾಗ ಎಲ್ಲಾ ಕುಂಡ ಮಳಿಯಾಗ ಇಡ್ರಿ, ಕಟ್ಟಿದ ಉಪ್ಪು ತೊಳಕೊಂಡು ಹೋಗ್ತೈತಿ.

ಬ್ಯಾಸಿಗಿಯಾಗ ಎಲಿ ಮ್ಯಾಲೆ ಸಣ್ಣ ಸಣ್ಣ ಹಳದಿ ಚುಕ್ಕಿ ಬಂದ್ರ ಎಲಿ ಕೆಳಗ ಬಿಳಿ ಹಾಳಿ ಹಿಡಿದು ತಟ್ರಿ, ಬಿದ್ದ ಧೂಳು ನಡ್ಯಾಕ ಹತ್ತಿದ್ರ ಅದು ಮೈಟ್, ಅಂದ್ರ ನುಸಿ. ಒಣ ಗಾಳಿಗಿ ಅವು ಬೆಳಿತಾವು, ಮುಂಜಾನೆ ಎಲಿ ಹೊಳ್ಳಿಸಿ ಕೆಳಭಾಗಕ್ಕ ಜೋರಾಗಿ ನೀರು ಹೊಡೀರಿ. ಕಡಿಮಿ ಆಗ್ಲಿಲ್ಲಾಂದ್ರ ಲೀಟರ್‌ಗಿ 5 ಎಂಎಲ್ ಬೇವಿನ ಎಣ್ಣಿ, ಎರಡು ಹನಿ ಸೋಪು, ಅದೂ ಸಂಜಿಗಿ, ಬಿಸಲಾಗ ಹೊಡದ್ರ ಎಲಿ ಸುಡತಾವು.

ಮನಿ ಪ್ಲಾಂಟ್‌ನ ಬೇವಿನ ಗಿಡಕ್ಕ ಹಬ್ಬಿಸ್ರಿ, ಮ್ಯಾಲೆ ಹತ್ತಿದಂಗ ಎಲಿ ಊಟದ ತಾಟಿನಷ್ಟು ಆಗ್ತಾವು, ಬಾಟ್ಲಿಯಾಗ ನೋಡಿದವ್ರು ನಂಬಂಗಿಲ್ಲ. (ರಬ್ಬರ್ ಪ್ಲಾಂಟ್ ತರೋ ಆಸಿ ಇದ್ರ ಕುಂಡದಾಗೇ ಇರ್ಲಿ, ನೆಲಕ್ಕ ಹಾಕಿದ್ರ ಬೇರು ಸಂಪ್ ಕಡಿ ಹೋಗ್ತಾವು.)

ನಿಮ್ಮ ಪೀಸ್ ಲಿಲಿ ಮಾತ್ರ ಈಗ ಕಿಟಕಿ ಹತ್ರನೇ ಇರ್ಲಿ, ಜುಲೈನ್ಯಾಗ ಮಳಿ ಹಿಡದ ಮ್ಯಾಲೆ ಹೊರಗ ತರ್ರಿ, ಮೊದಲ ಒಂದು ವಾರ ಮುಂಜಾನೆ ಮುಂಜಾನೆ ಅಷ್ಟೇ. ಮಧ್ಯಾಹ್ನ ಎಲ್ಲಾ ಎಲಿ ಬಾಗಿ ಮಲಗಿದ್ರ ಗಾಬರಿಯಾಗಿ ನೀರು ಸುರೀಬ್ಯಾಡ್ರಿ, ಬೆರಳು ಹಾಕಿ ನೋಡ್ರಿ, ಮಣ್ಣು ಹಸಿ ಇದ್ರ ಅದು ಧಗಿಗಿ ಬಾಗಿದ್ದು, ಸಂಜಿಗಿ ತಾನೇ ಏಳ್ತೈತಿ.