ಇಲಾಖೆಯ ನೌಕರರಿಗೆ ಕಚೇರಿಯ ಹೊರಗಿನಿಂದ ಸುರಕ್ಷಿತ ಸಂಪರ್ಕ ಕಲ್ಪಿಸುವುದು ಹೇಗೆ?

ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ಗಣಕ ವಿಭಾಗದ ಹೊಣೆ ಹೊತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ. ಜಿಲ್ಲಾ ಪ್ರವಾಸದಲ್ಲಿರುವ ಅಧಿಕಾರಿಗಳೂ ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಯೂ ಕಚೇರಿಯ ಕಡತ ಮತ್ತು ತಂತ್ರಾಂಶಗಳನ್ನು ಬಳಸಲು ಯಾವ ಕಂಪನಿಯ ವಿಪಿಎನ್ (ಇಂಟರ್ನೆಟ್ಟಿನ ಮೂಲಕ ಕಚೇರಿಯ ಜಾಲಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕಲ್ಪಿಸುವ ವ್ಯವಸ್ಥೆ) ಕೊಳ್ಳಬೇಕು ಎಂಬುದು ಮೊದಲನೆಯದು. ಖರೀದಿ ಮುಗಿಯುವವರೆಗೆ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪನ್ನು, ಅಂದರೆ ಅದನ್ನು ದೂರದಿಂದ ನಡೆಸುವ ಸೌಲಭ್ಯವನ್ನು, ಇಂಟರ್ನೆಟ್ಟಿಗೆ ತೆರೆದಿಡಬಹುದೇ ಎಂಬುದು ಎರಡನೆಯದು. ಸರ್ಕಾರಿ ಕಚೇರಿಗಳ ಜಾಲ ನಿರ್ವಹಣೆಯೇ ನನ್ನ ಕೆಲಸವಾದ್ದರಿಂದ ಎರಡಕ್ಕೂ ಉತ್ತರಿಸುತ್ತೇನೆ.

ಎರಡನೆಯದಕ್ಕೆ ಉತ್ತರ ಚಿಕ್ಕದು: ಒಂದು ದಿನದ ಮಟ್ಟಿಗೂ ಬೇಡ. ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ (ಜಾಲದ ಬಾಗಿಲು) ತೆರೆದಿರುವ ಯಂತ್ರಗಳನ್ನು ಹುಡುಕುವ ಸ್ವಯಂಚಾಲಿತ ತಂತ್ರಾಂಶಗಳು ಜಗತ್ತಿನಾದ್ಯಂತ ಹಗಲಿರುಳು ಓಡುತ್ತಿರುತ್ತವೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಗುಂಪುಗಳು ಸರ್ಕಾರಿ ಕಚೇರಿಗಳೊಳಗೆ ನುಗ್ಗಲು ಬಳಸುವ ಹಳೆಯ ದಾರಿಗಳಲ್ಲಿ ಇದೂ ಒಂದು. ಪೋರ್ಟ್ ಸಂಖ್ಯೆಯನ್ನು ಬದಲಾಯಿಸಿದರೂ ಅದು ಅಡಗುವುದಿಲ್ಲ.

ಇನ್ನು ಖರೀದಿಯ ವಿಷಯ. ಟೆಂಡರ್ ಕರಡು ಬರೆಯುವ ಮೊದಲು ನಿಮ್ಮಲ್ಲಿ ಈಗಾಗಲೇ ಏನಿದೆ ಎಂದು ಪಟ್ಟಿ ಮಾಡಿ. ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳ ಕಚೇರಿಗಳು ಕರ್ನಾಟಕ ಸರ್ಕಾರದ ರಾಜ್ಯವ್ಯಾಪಿ ಜಾಲವಾದ ಕೆಸ್ವಾನ್‌ನಲ್ಲಿವೆ. ಕಡತ ನಿರ್ವಹಣೆಯ ಇ-ಆಫೀಸ್ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ರೂಪಿಸಿದ ತಂತ್ರಾಂಶ, ಮತ್ತು ಸರ್ಕಾರಿ ಬಳಕೆದಾರರಿಗಾಗಿ ಎನ್‌ಐಸಿ ತಾನೇ ವಿಪಿಎನ್ ಸೇವೆ ನಡೆಸುತ್ತದೆ. ನಿಮ್ಮ ಅಧಿಕಾರಿಗಳಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಇ-ಆಫೀಸ್ ಮತ್ತು ಸರ್ಕಾರಿ ಇಮೇಲ್ ಮಾತ್ರವಾದರೆ, ನೀವೇ ಇನ್ನೊಂದು ಗೇಟ್‌ವೇ (ವಿಪಿಎನ್ ನಡೆಸುವ ಪೆಟ್ಟಿಗೆ) ಕೊಂಡು ಕಾಯುವ ಹೊರೆ ಹೊರುವುದಕ್ಕಿಂತ ಆ ಸೇವೆಗೆ ಅರ್ಜಿ ಹಾಕುವುದೇ ಸರಿ. ರಾಜ್ಯ ದತ್ತಾಂಶ ಕೇಂದ್ರದಲ್ಲಿರುವ ತಂತ್ರಾಂಶಗಳ ಬಗ್ಗೆ ಇ-ಆಡಳಿತ ಕೇಂದ್ರದವರೊಂದಿಗೆ ಮಾತನಾಡಿ. ಇವೆರಡನ್ನೂ ಕಳೆದ ಮೇಲೆ ನಿಮ್ಮ ಕಟ್ಟಡದಲ್ಲೇ ಇರುವ ಸರ್ವರ್‌ಗಳು ಎಷ್ಟು ಉಳಿಯುತ್ತವೆಯೋ ಅಷ್ಟಕ್ಕೆ ಮಾತ್ರ ಸ್ವಂತ ವ್ಯವಸ್ಥೆ ಬೇಕು. ಅದು ನೀವು ಅಂದುಕೊಂಡಿರುವುದಕ್ಕಿಂತ ಬಹಳ ಚಿಕ್ಕದಾಗಿರುವ ಸಾಧ್ಯತೆ ಇದೆ.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆ ನಿಲ್ಲುವುದು ಅಥವಾ ಬೀಳುವುದು ಪೆಟ್ಟಿಗೆಯ ಬ್ರ್ಯಾಂಡಿನ ಮೇಲೆ ಅಲ್ಲ, ಖಾತೆಗಳ ಲೆಕ್ಕದ ಮೇಲೆ. ಖಾಸಗಿ ಕಂಪನಿಯಲ್ಲಿ ನೌಕರ ಕೆಲಸ ಬಿಟ್ಟರೆ ಖಾತೆ ಮುಚ್ಚುತ್ತಾರೆ. ನಮ್ಮಲ್ಲಿ ನೌಕರ ಸರ್ಕಾರವನ್ನು ಬಿಡುವುದಿಲ್ಲ, ಹುದ್ದೆಯನ್ನು ಬಿಡುತ್ತಾನೆ. ಮೇ-ಜೂನ್ ತಿಂಗಳ ವರ್ಗಾವಣೆಯಲ್ಲಿ ಒಬ್ಬರು ಬೇರೆ ಇಲಾಖೆಗೆ ಹೋಗುತ್ತಾರೆ, ಮತ್ತೊಬ್ಬರು ನಿಯೋಜನೆಯ ಮೇಲೆ ಬರುತ್ತಾರೆ, ಮಗದೊಬ್ಬರು ಎರಡು ಶಾಖೆಗಳ ಪ್ರಭಾರ ವಹಿಸಿಕೊಳ್ಳುತ್ತಾರೆ. ಇವರೆಲ್ಲರ ಹಳೆಯ ಪ್ರವೇಶಾಧಿಕಾರ ಹಾಗೆಯೇ ಉಳಿದರೆ, ಕೆಲವೇ ವರ್ಷಗಳಲ್ಲಿ ಒಬ್ಬೊಬ್ಬ ಹಿರಿಯ ಅಧಿಕಾರಿಯ ಖಾತೆಗೂ ಐದಾರು ಶಾಖೆಗಳ ಬಾಗಿಲು ತೆರೆದಿರುತ್ತದೆ. ಬಳಕೆಯಲ್ಲಿಲ್ಲದ ಖಾತೆ ಏನು ಮಾಡಬಲ್ಲದು ಎಂಬುದಕ್ಕೆ 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯಲ್ಲಿ ನಡೆದದ್ದೇ ಸಾಕ್ಷಿ. ದಾಳಿಕೋರರು ಒಳಗೆ ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಹಳೆಯ ವಿಪಿಎನ್ ಖಾತೆಯೊಂದರ ಮೂಲಕ. ಆ ಖಾತೆಗೆ ಪಾಸ್‌ವರ್ಡ್ ಬಿಟ್ಟರೆ ಎರಡನೆಯ ದೃಢೀಕರಣ ಇರಲಿಲ್ಲ. ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕೊಳವೆ ಮಾರ್ಗವನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು.

ಆದ್ದರಿಂದ ಪ್ರವೇಶಾಧಿಕಾರವನ್ನು ವ್ಯಕ್ತಿಗೆ ನೇರವಾಗಿ ಕೊಡದೆ ಹುದ್ದೆಗೆ ಕೊಡಿ, ಖಾತೆಯನ್ನು ಮಾತ್ರ ವ್ಯಕ್ತಿಯ ಹೆಸರಿನಲ್ಲಿಡಿ. ಖಾತೆಯನ್ನು ಕೆಜಿಐಡಿ ಸಂಖ್ಯೆಯೊಂದಿಗೆ (ರಾಜ್ಯ ಸರ್ಕಾರಿ ನೌಕರರ ವಿಮಾ ಸಂಖ್ಯೆ) ಜೋಡಿಸಿ, ಸಿಬ್ಬಂದಿ ಶಾಖೆಯಿಂದ ಹೊರಡುವ ಪ್ರತಿಯೊಂದು ಬಿಡುಗಡೆ ಆದೇಶದ ಪ್ರತಿ ಗಣಕ ವಿಭಾಗಕ್ಕೆ ಬರುವಂತೆ ಸುತ್ತೋಲೆಯನ್ನೇ ಹೊರಡಿಸಿ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳಿಗೆ ಕೆಜಿಐಡಿ ಇರುವುದಿಲ್ಲ. ಅವರ ಖಾತೆಗೆ ಗುತ್ತಿಗೆಯ ಕೊನೆಯ ದಿನಾಂಕವನ್ನೇ ಮುಕ್ತಾಯದ ದಿನವಾಗಿ ಮೊದಲೇ ನಮೂದಿಸಿ. ಗುತ್ತಿಗೆ ನವೀಕರಣವಾದರೆ ಅವರೇ ಬಂದು ಕೇಳುತ್ತಾರೆ.

ಆಪರೇಟರ್‌ಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಅಧಿಕಾರಿ ತಮ್ಮ ಡಿಜಿಟಲ್ ಸಹಿಯ ಟೋಕನ್ನನ್ನೂ ಅದರ ಪಿನ್ನನ್ನೂ ಆಪ್ತ ಸಹಾಯಕರ ಕೈಗೆ ಕೊಟ್ಟು ಸಭೆಗೆ ಹೋಗುವುದು, ಟೋಕನ್ ಇಡೀ ದಿನ ಸಹಾಯಕರ ಕಂಪ್ಯೂಟರಿನಲ್ಲೇ ಇರುವುದು ಅನೇಕ ಕಚೇರಿಗಳಲ್ಲಿ ಕಾಣುವ ದೃಶ್ಯ. ಹೀಗೆ ಮಾಡಬೇಡಿ ಎಂದು ಆದೇಶ ಹೊರಡಿಸಿದರೆ ಅದು ನಿಲ್ಲುವುದಿಲ್ಲ, ಏಕೆಂದರೆ ಅದರ ಹಿಂದೆ ನಿಜವಾದ ಕೆಲಸದ ಒತ್ತಡವಿದೆ. ಸಹಾಯಕರಿಗೆ ಅವರದೇ ಖಾತೆ ಕೊಟ್ಟು, ಕರಡು ಸಿದ್ಧಪಡಿಸುವ ಅಧಿಕಾರವನ್ನು ತಂತ್ರಾಂಶದೊಳಗೇ ವಹಿಸಿ, ಅನುಮೋದನೆ ಮತ್ತು ಸಹಿಯನ್ನು ಮಾತ್ರ ಅಧಿಕಾರಿಯ ಬಳಿ ಉಳಿಸಿದರೆ ಟೋಕನ್ ಕೈ ಬದಲಾಯಿಸುವ ಅಗತ್ಯವೇ ಕಡಿಮೆಯಾಗುತ್ತದೆ. ಈ ಕೆಲಸ ಮುಗಿಯದೆ ಮನೆಯಿಂದ ಸಂಪರ್ಕ ಕೊಟ್ಟರೆ, ಲಾಗ್‌ನಲ್ಲಿ (ಬಳಕೆಯ ದಾಖಲೆಯಲ್ಲಿ) ಅಧಿಕಾರಿಯ ಹೆಸರಿದ್ದರೂ ಕೀಬೋರ್ಡಿನ ಮುಂದೆ ಕುಳಿತವರು ಯಾರೆಂದು ತನಿಖೆಯಲ್ಲಿ ಹೇಳಲಾಗುವುದಿಲ್ಲ.

ಎರಡನೆಯ ದೃಢೀಕರಣಕ್ಕೆ ಎಸ್‌ಎಂಎಸ್ ಒಟಿಪಿಯನ್ನು ನೆಚ್ಚಿಕೊಳ್ಳಬೇಡಿ. ಮಲೆನಾಡಿನ ಒಳಭಾಗದಲ್ಲಿ ಪ್ರವಾಸದಲ್ಲಿರುವ ಅಧಿಕಾರಿಗೆ ಅತಿಥಿಗೃಹದ ವೈ-ಫೈ ಸಿಕ್ಕರೂ ಮೊಬೈಲ್ ಸಿಗ್ನಲ್ ಸಿಗದಿರಬಹುದು. ಮೇಲಾಗಿ ಸಿಮ್ ಬದಲಿಸಿ ಒಟಿಪಿ ಕದಿಯುವ ವಂಚನೆಯೂ ಇದೆ. ಫೋನಿನ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಸಿಗ್ನಲ್ ಇಲ್ಲದೆಯೂ ಹುಟ್ಟುತ್ತದೆ. ಆದರೆ ಅದು ಸಮಯವನ್ನು ಆಧರಿಸಿದ ಲೆಕ್ಕ. ಸರ್ವರ್‌ನ ಗಡಿಯಾರ ಎರಡು ಮೂರು ನಿಮಿಷ ಹಿಂದೆ ಬಿದ್ದರೆ ಸರಿಯಾದ ಕೋಡ್ ಹಾಕಿದವರೆಲ್ಲರೂ ಹೊರಗುಳಿಯುತ್ತಾರೆ. ಸರ್ವರ್‌ಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಹೊಂದಿಸಬೇಕೆಂದು ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಗೂ ಹೇಳಿದೆ. ಸರ್ವರ್ ನಿರ್ವಾಹಕರಿಗೆ ಮಾತ್ರ ಆ್ಯಪ್ ಸಾಲದು, ಭೌತಿಕ ಭದ್ರತಾ ಕೀಲಿ ಕೊಡಿಸಿ. ನಕಲಿ ಲಾಗಿನ್ ಪುಟಕ್ಕೆ ಕೋಡ್ ಬರೆದುಕೊಡುವ ಅಪಾಯ ಅದರಲ್ಲಿಲ್ಲ.

ಒಳಗೆ ಬಂದವರಿಗೆ ಇಡೀ ಜಾಲ ಕಾಣಬಾರದು. ಲೆಕ್ಕಪತ್ರ ಶಾಖೆಯವರಿಗೆ ಲೆಕ್ಕಪತ್ರದ ತಂತ್ರಾಂಶ ಕಂಡರೆ ಸಾಕು, ಅದರ ಹಿಂದಿರುವ ಡೇಟಾಬೇಸ್ ಸರ್ವರ್ ಕಾಣಬೇಕಾಗಿಲ್ಲ. ಬ್ರೌಸರಿನಲ್ಲಿ ನಡೆಯುವ ತಂತ್ರಾಂಶಗಳನ್ನು ಪ್ರಾಕ್ಸಿಯ (ನಡುವೆ ನಿಂತು ಸಂಪರ್ಕ ದಾಟಿಸುವ ಸರ್ವರ್) ಮೂಲಕ ಒಂದೊಂದಾಗಿ ತೋರಿಸಿ, ಜಾಲದೊಳಕ್ಕೆ ಹೋಗುವ ಪೂರ್ಣ ಸುರಂಗವನ್ನು (ವಿಪಿಎನ್ ಸಂಪರ್ಕವನ್ನು) ನಿರ್ವಾಹಕರಿಗಷ್ಟೇ ಇಟ್ಟುಕೊಳ್ಳಿ. ಸಾಧನಗಳೂ ಇಲಾಖೆಯವೇ ಆಗಿರಲಿ: ಡಿಸ್ಕ್ ಗೂಢಲಿಪೀಕರಣಗೊಂಡ, ತಂತ್ರಾಂಶದ ಭದ್ರತಾ ತಿದ್ದುಪಡಿಗಳು ಕ್ರಮವಾಗಿ ಬರುವ ಲ್ಯಾಪ್‌ಟಾಪ್. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಿಂದ ಕಡತ ತೆರೆಯಲು ಬಿಡುವುದಾದರೆ ಉಳಿದ ಎಲ್ಲ ಎಚ್ಚರಿಕೆಯೂ ವ್ಯರ್ಥ.

ನಿಮಗೆ ಖಂಡಿತ ಬರುವ ಒಂದು ದೂರನ್ನೂ ಹೇಳಿಬಿಡುತ್ತೇನೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಸೇರಿದವರಿಗೆ ಲಾಗಿನ್ ಪುಟ ಬರುತ್ತದೆ, ಕಡತದ ಪಟ್ಟಿಯೂ ಬರುತ್ತದೆ, ಆದರೆ ಲಗತ್ತಿಸಿದ ಪಿಡಿಎಫ್ ತೆರೆಯಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ಎಲ್ಲರೂ ಸರ್ವರನ್ನು ದೂರುತ್ತಾರೆ. ಬಹುತೇಕ ಸಲ ಕಾರಣ ಎಂಟಿಯು, ಅಂದರೆ ಒಂದು ಸಲಕ್ಕೆ ಕಳುಹಿಸಬಹುದಾದ ಪ್ಯಾಕೆಟ್‌ನ (ಮಾಹಿತಿಯ ತುಣುಕಿನ) ಗರಿಷ್ಠ ಗಾತ್ರ: ಸುರಂಗದ ಹೊದಿಕೆ ಸೇರಿ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಬಿದ್ದುಹೋಗುತ್ತವೆ, ಚಿಕ್ಕವು ದಾಟುತ್ತವೆ. ಎಂಟಿಯುವನ್ನು 1350 ಬೈಟ್‌ಗಳ ಸುಮಾರಿಗೆ ಇಳಿಸಿ ನೋಡಿ.

ಗೇಟ್‌ವೇ ಕೊಳ್ಳಲೇಬೇಕಾಗಿ ಬಂದರೆ ಟೆಂಡರಿನಲ್ಲಿ ವೇಗಕ್ಕಿಂತ ಮೊದಲು ಭದ್ರತಾ ತಿದ್ದುಪಡಿಗಳ ಷರತ್ತು ಬರೆಯಿರಿ. ವಿಪಿಎನ್ ಪೆಟ್ಟಿಗೆಯೇ ದಾಳಿಗೆ ತುತ್ತಾಗುತ್ತದೆ. 2024ರ ಜನವರಿಯಲ್ಲಿ ಇವಾಂಟಿ ಕನೆಕ್ಟ್ ಸೆಕ್ಯೂರ್ ಉತ್ಪನ್ನದಲ್ಲಿ ದೋಷಗಳು ಬಯಲಾದಾಗ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ತನ್ನ ದೇಶದ ಫೆಡರಲ್ ಇಲಾಖೆಗಳಿಗೆ ಫೆಬ್ರುವರಿ 2ರೊಳಗೆ ಆ ಸಾಧನಗಳ ಸಂಪರ್ಕ ಕಡಿದುಹಾಕಲು ಆದೇಶಿಸಿತು. ಆದೇಶಕ್ಕೂ ಗಡುವಿಗೂ ನಡುವೆ ಇದ್ದದ್ದು ಎರಡೇ ದಿನ. ಅಂಥ ದಿನ ಬಂದರೆ ನಿಮ್ಮ ಇಲಾಖೆ ಯಾವ ಪರ್ಯಾಯ ದಾರಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ.

ಸರ್ಟ್-ಇನ್‌ನ ಅದೇ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು ಮತ್ತು ಸೈಬರ್ ಘಟನೆಯನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಭಾನುವಾರ ರಾತ್ರಿ ಘಟನೆ ಕಂಡರೆ ಯಾರ ಒಪ್ಪಿಗೆಯೂ ಕಾಯದೆ ವರದಿ ಕಳುಹಿಸುವ ಅಧಿಕಾರ ಯಾರಿಗಿದೆ ಎಂದು ಹುದ್ದೆ ನಮೂದಿಸಿ ಆದೇಶ ಮಾಡಿಸಿಕೊಳ್ಳಿ. ಕಡತ ಮಂಡಿಸಿ ಅನುಮೋದನೆ ಪಡೆಯುವಷ್ಟರಲ್ಲಿ ಆ 6 ಗಂಟೆ ಮುಗಿದಿರುತ್ತದೆ.

ಕೊನೆಯದಾಗಿ, ತಂತ್ರಾಂಶ ಮಾಡಿಕೊಟ್ಟ ಕಂಪನಿಯ ತಂತ್ರಜ್ಞರು ದುರಸ್ತಿಗಾಗಿ ನಿಮ್ಮ ಸರ್ವರಿನಲ್ಲಿ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಟ್ಟಿದ್ದಾರೆಯೇ ಎಂದು ಇಂದೇ ನೋಡಿ. ಸರ್ಕಾರಿ ನೌಕರರಿಗಾಗಿ 2022ರ ಜೂನ್‌ನಲ್ಲಿ ಬಂದ ಎನ್‌ಐಸಿ ಮಾರ್ಗಸೂಚಿ ಇಂಥ ಅನಧಿಕೃತ ದೂರನಿಯಂತ್ರಣ ತಂತ್ರಾಂಶಗಳನ್ನೂ ಹೊರಗಿನ ಖಾಸಗಿ ವಿಪಿಎನ್ ಸೇವೆಗಳನ್ನೂ ಬಳಸಬಾರದೆಂದು ಹೇಳುತ್ತದೆ. ಅವುಗಳನ್ನು ತೆಗೆದುಹಾಕಿ, ತಂತ್ರಜ್ಞರಿಗೂ ಹೆಸರಿರುವ ಖಾತೆ, ಎರಡನೆಯ ದೃಢೀಕರಣ ಮತ್ತು ದುರಸ್ತಿಯ ಅವಧಿಗಷ್ಟೇ ತೆರೆಯುವ ಪ್ರವೇಶ ಕೊಡಿ. ನಿಮ್ಮ ಕಟ್ಟಡದಲ್ಲಿ ಉಳಿಯುವ ಸರ್ವರ್‌ಗಳ ಪಟ್ಟಿ ಸಿದ್ಧವಾದ ಮೇಲೆ, ಅವುಗಳ ಹೆಸರು ಮತ್ತು ವಿಳಾಸಗಳನ್ನು ಬಿಟ್ಟು, ಅವು ಯಾವ ಬಗೆಯವು ಎಂಬುದನ್ನಷ್ಟೇ ಇಲ್ಲಿ ತಿಳಿಸಿದರೆ ಗೇಟ್‌ವೇಯ ಅಳತೆಯ ಬಗ್ಗೆಯೂ ಬರೆಯುತ್ತೇನೆ.